ಸಿಲ್ಕ್ ಬೋರ್ಡಿನ ಊರಿನಲ್ಲಿ ಪತಂಗ

ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಹಾರುವ ಸದರ್ನ್ ಬರ್ಡ್‌ವಿಂಗ್‌ಗೆ ಆ ಪಟ್ಟ ಸಿಕ್ಕಿತು, ನಾಡಧ್ವಜದ ಕೆಂಪು ಹಳದಿಯನ್ನು ನೆನಪಿಸುವ ಅದರ ಮೈಬಣ್ಣವೂ ಆಯ್ಕೆಯ ಹೊತ್ತಿನಲ್ಲಿ ಚರ್ಚೆಗೆ ಬಂದಿತ್ತು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಬನ್ನೇರುಘಟ್ಟದಲ್ಲಿ 2006ರಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನ ತೆರೆಯಿತು. ಜಯನಗರ, ಜೆ.ಪಿ. ನಗರದ ಉದ್ಯಾನಗಳಲ್ಲಿ ಚಿಟ್ಟೆಗಳಿಗೆಂದೇ ಹೂಗಿಡ ನೆಡುವ ರೂಢಿಯೂ ಬೆಳೆದಿದೆ. ಚಿಟ್ಟೆಯ ಹತ್ತಿರದ ಬಂಧುವಾದ ಪತಂಗಕ್ಕೆ ಮಾತ್ರ ಇದಾವುದೂ ದಕ್ಕಿಲ್ಲ. ದೀಪಕ್ಕೆ ಮುತ್ತುವ ಹುಳು, ಬಟ್ಟೆ ತಿನ್ನುವ ಹುಳು, ಮೈ ತುರಿಸುವ ಕಂಬಳಿಹುಳು ಎಂಬ ಮೂರು ಹಣೆಪಟ್ಟಿಗಳಲ್ಲೇ ಅದರ ಪರಿಚಯ ಮುಗಿದುಹೋಗುತ್ತದೆ.

ಲೆಕ್ಕ ನೋಡಿದರೆ ಈ ಅವಗಣನೆ ಎಷ್ಟು ತಲೆಕೆಳಗು ಎಂಬುದು ತಿಳಿಯುತ್ತದೆ. ಚಿಟ್ಟೆ, ಪತಂಗ ಎರಡೂ ಲೆಪಿಡಾಪ್ಟೆರಾ ಎಂಬ ಒಂದೇ ಗಣಕ್ಕೆ ಸೇರಿವೆ. ರೆಕ್ಕೆಯ ಮೇಲೆ ಹೆಂಚು ಹೊದಿಸಿದ ಕ್ರಮದಲ್ಲಿ ಸಾಲುಗೂಡಿರುವ, ಮುಟ್ಟಿದರೆ ಬೆರಳಿಗೆ ಪುಡಿಯಾಗಿ ಅಂಟುವ ಸೂಕ್ಷ್ಮ ಹುರುಪೆಗಳೇ ಈ ಗಣದ ಲಕ್ಷಣ. ಜಗತ್ತಿನಲ್ಲಿ ಇದುವರೆಗೆ ವಿಜ್ಞಾನಿಗಳು ಹೆಸರಿಟ್ಟಿರುವ ಚಿಟ್ಟೆಗಳು ಸುಮಾರು 18,000 ಪ್ರಭೇದಗಳಾದರೆ, ಪತಂಗಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಭಾರತದಲ್ಲಿ ಚಿಟ್ಟೆಗಳ ಸಂಖ್ಯೆ 1,300ರ ಆಸುಪಾಸಿನಲ್ಲಿದ್ದರೆ ಪತಂಗಗಳದ್ದು ಹತ್ತು ಸಾವಿರ ಮೀರುತ್ತದೆ. ವಂಶವೃಕ್ಷದ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಟ್ಟೆಗಳು ಪತಂಗಗಳಿಗೆ ಸಮಾನಾಂತರವಾದ ಬೇರೊಂದು ಕುಲವಲ್ಲ, ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಹಗಲಿನ ಬದುಕಿಗೆ ಹೊರಳಿಕೊಂಡ ಪತಂಗಗಳದೇ ಒಂದು ಕವಲು ಎಂದು ತೋರಿಸಿವೆ. ಹಾಗಾಗಿ ಚಿಟ್ಟೆಯನ್ನು ಮೆಚ್ಚುವವರು ತಿಳಿದೋ ತಿಳಿಯದೆಯೋ ಒಂದು ಬಗೆಯ ಪತಂಗವನ್ನೇ ಮೆಚ್ಚುತ್ತಿರುತ್ತಾರೆ.

ಗುರುತಿಸುವ ಬಗೆ

ಎರಡನ್ನೂ ಬೇರ್ಪಡಿಸಲು ಶಾಲೆಯ ಪಠ್ಯಗಳು ಹೇಳಿಕೊಡುವ ಲಕ್ಷಣಗಳು ಬಹುಮಟ್ಟಿಗೆ ಸರಿಯಾದರೂ ಅವಕ್ಕೆ ಅಪವಾದಗಳು ಬೇಕಾದಷ್ಟಿವೆ. ಚಿಟ್ಟೆಯ ಕುಡಿಮೀಸೆಯ ತುದಿ ದಪ್ಪಗಾಗಿ ಗದೆಯ ರೂಪ ತಳೆದಿರುತ್ತದೆ. ಪತಂಗದ ಮೀಸೆ ಎಳೆಯಂತೆ ತೆಳುವಾಗಿಯೋ ಗರಿಯಂತೆ ಕವಲೊಡೆದೋ ಇರುತ್ತದೆ. ಚಿಟ್ಟೆ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ ನಿಲ್ಲಿಸುತ್ತದೆ. ಪತಂಗ ಅವನ್ನು ಚಪ್ಪಟೆಯಾಗಿ ಹರಡಿ ಅಥವಾ ಮಾಡಿನಂತೆ ಇಳಿಬಿಟ್ಟು ಕೂರುತ್ತದೆ. ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಹೊರಟ ಒಂದು ಬಿರುಗೂದಲು ಮುಂದಿನ ರೆಕ್ಕೆಯ ಕೊಕ್ಕೆಗೆ ಸಿಕ್ಕಿಕೊಂಡು, ಎರಡೂ ರೆಕ್ಕೆಗಳು ಒಂದಾಗಿ ಬಡಿಯುವಂತೆ ಮಾಡುತ್ತದೆ. ಹಾರುವ ಹೊತ್ತಿನ ಲಕ್ಷಣವಂತೂ ಸುಲಭವಾಗಿ ಮೋಸ ಮಾಡಬಲ್ಲದು. ಕಪ್ಪು ರೆಕ್ಕೆಯಲ್ಲಿ ಗಾಜಿನಂಥ ಕಿಂಡಿಗಳಿದ್ದು, ಹೊಟ್ಟೆಯ ಮೇಲೆ ಹಳದಿ ಪಟ್ಟೆಗಳನ್ನು ಹೊತ್ತು, ಹಗಲಿನಲ್ಲೇ ನಿಧಾನವಾಗಿ ತೇಲುವ ಅಮಾಟಾ ಕುಲದ ಪತಂಗಗಳನ್ನು ನೋಡಿದವರು ಅವನ್ನು ಕಣಜವೆಂದೇ ನಂಬಿ ದೂರ ಸರಿಯುತ್ತಾರೆ. ಅವುಗಳ ಉದ್ದೇಶವೂ ಅದೇ. ಕಾಫಿ ಮತ್ತು ಗಾರ್ಡೀನಿಯಾ ಗಿಡಗಳ ಎಲೆ ತಿಂದು ಬೆಳೆಯುವ ಸೆಫನೋಡಿಸ್ ಹೈಲಾಸ್ ಎಂಬ ಪತಂಗ ಮೊದಲ ಹಾರಾಟದಲ್ಲೇ ರೆಕ್ಕೆಯ ಹುರುಪೆಗಳನ್ನು ಉದುರಿಸಿಕೊಂಡು, ಪಾರದರ್ಶಕ ರೆಕ್ಕೆಗಳಿಂದ ಹಗಲು ಹೊತ್ತಿನಲ್ಲಿ ಹೂವಿನೆದುರು ನಿಂತಲ್ಲೇ ನಿಂತು ಮಕರಂದ ಹೀರುತ್ತದೆ.

ನಗರದ ನಕ್ಷೆಯೊಳಗಿನ ರೇಷ್ಮೆ

ಪತಂಗದ ಋಣ ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲೇ ಬರೆದಿಟ್ಟಂತಿದೆ. ವಾಹನ ದಟ್ಟಣೆಗಾಗಿ ದೇಶಕ್ಕೇ ಪರಿಚಿತವಾಗಿರುವ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಆ ಹೆಸರು ಬಂದದ್ದು ಬಿ.ಟಿ.ಎಂ. ಲೇಔಟಿನ ಅಂಚಿನಲ್ಲಿ, ಹೊಸೂರು ರಸ್ತೆಯ ಬದಿಗೆ ಇರುವ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯಿಂದ. 1948ರ ಕಾಯ್ದೆಯ ಮೂಲಕ ರೂಪುಗೊಂಡ ಈ ಮಂಡಳಿ ಇಡೀ ದೇಶದ ರೇಷ್ಮೆ ಕೃಷಿಯ ಮೇಲ್ವಿಚಾರಣೆ ಮಾಡುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಜಯನಗರ ಬಸವನಗುಡಿಗಳು ಕೂಡುವಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ ಜೆಮ್‌ಷೆಟ್‌ಜಿ ಟಾಟಾ ಜಪಾನಿನ ಪರಿಣತರ ನೆರವಿನಿಂದ ಅಲ್ಲಿ ರೇಷ್ಮೆ ತೋಟವೊಂದನ್ನು ಆರಂಭಿಸಿದ್ದರು; ಮುಂದೆ ಅದರ ಆಡಳಿತ ಸಾಲ್ವೇಷನ್ ಆರ್ಮಿಗೆ ಹೋಯಿತು, ಹಿಪ್ಪುನೇರಳೆ ಇದ್ದ ಜಾಗದಲ್ಲಿ ಮನೆಗಳು ಎದ್ದವು, ಹೆಸರು ಮಾತ್ರ ಉಳಿಯಿತು. ಬನಶಂಕರಿಯಿಂದ ದಕ್ಷಿಣಕ್ಕೆ ಹೊರಟ ರಸ್ತೆ ತಲುಪುವುದು ಕನಕಪುರವನ್ನು, ರೇಷ್ಮೆಯ ಸೀಮೆಯೆಂದೇ ಹೆಸರಾದ ಊರನ್ನು. ಅದರ ನೆರೆಯಲ್ಲೇ ಗೂಡಿನ ಮಾರುಕಟ್ಟೆಯ ರಾಮನಗರವಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು ಇಂದಿಗೂ ಕರ್ನಾಟಕವನ್ನು ದೇಶದ ಅತಿ ಹೆಚ್ಚು ರೇಷ್ಮೆ ಉತ್ಪಾದಿಸುವ ರಾಜ್ಯವಾಗಿ ಉಳಿಸಿದೆ.

ಇಷ್ಟೆಲ್ಲದರ ಮೂಲದಲ್ಲಿರುವ ಬಾಂಬಿಕ್ಸ್ ಮೋರಿ ಒಂದು ಪತಂಗವೆಂಬುದು ಮಾತ್ರ ಸೀರೆಯಂಗಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೆ ಕಾರಣವೂ ಇದೆ: ಸಾಕಿದ ರೇಷ್ಮೆಯಲ್ಲಿ ಪತಂಗದ ಹಂತವನ್ನು ನೋಡುವವರು ಮೊಟ್ಟೆ ಉತ್ಪಾದಿಸುವ ಬಿತ್ತನೆ ಕೋಠಿಯವರು ಮಾತ್ರ. ಮೊಟ್ಟೆಯೊಡೆದು ಬಂದ, ಚಾಕಿ ಎನ್ನುವ ಎಳೆಯ ಹುಳು ಹಿಪ್ಪುನೇರಳೆ ಸೊಪ್ಪು ತಿಂದು, ರೈತರು ಜ್ವರವೆಂದು ಕರೆಯುವ ನಾಲ್ಕು ಪೊರೆ ಬಿಡುವ ಹಂತಗಳನ್ನು ದಾಟಿ, ಸುಮಾರು ಇಪ್ಪತ್ತೈದು ದಿನಗಳಲ್ಲಿ ಹಣ್ಣಾಗುತ್ತದೆ. ಆಗ ಅದನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನೂರಾರು ಮೀಟರ್ ಉದ್ದದ ಒಂದೇ ಅಖಂಡ ಎಳೆಯಿಂದ ಗೂಡು ಕಟ್ಟಿಕೊಳ್ಳುತ್ತದೆ. ಪತಂಗ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುವುದರಿಂದ, ನೂಲು ಬಿಚ್ಚುವ ಮೊದಲೇ ಒಳಗಿನ ಕೋಶವನ್ನು ಬಿಸಿಯಿಂದ ಕೊಲ್ಲಲಾಗುತ್ತದೆ. ಬಿತ್ತನೆಗೆಂದು ಉಳಿಸಿಕೊಂಡ ಗೂಡಿನಿಂದ ಹೊರಬರುವ ಬಿಳಿಯ ಪತಂಗಕ್ಕೆ ಸಾವಿರಾರು ವರ್ಷಗಳ ಸಾಕಣೆಯಿಂದಾಗಿ ಹಾರಲು ಬರುವುದಿಲ್ಲ, ಆಹಾರ ಸೇವಿಸಲು ಬಾಯಿಯೂ ಇಲ್ಲ. ಕೂಡಿ ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಅದರ ಆಯುಷ್ಯ ಮುಗಿಯುತ್ತದೆ.

ಹಾರಲಾರದ ಈ ಜೀವಿಯೇ ರಸಾಯನಶಾಸ್ತ್ರಕ್ಕೆ ಒಂದು ಹೊಸ ಅಧ್ಯಾಯವನ್ನು ಕೊಟ್ಟಿತು. ಹೆಣ್ಣು ರೇಷ್ಮೆ ಪತಂಗ ಕುಳಿತಲ್ಲಿಂದಲೇ ಗಾಳಿಗೆ ಬಿಡುವ ವಾಸನೆಗೆ ಗಂಡು ಓಡಿಬರುತ್ತದೆಂಬುದು ಮೊದಲೇ ತಿಳಿದಿತ್ತು. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಆ ದ್ರವ್ಯವನ್ನು ಬೇರ್ಪಡಿಸಿ 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಒಂದೇ ಜಾತಿಯ ಜೀವಿಗಳ ನಡುವೆ ಸಂದೇಶ ಒಯ್ಯುವ ವಾಸನೆಗೆ ಫೆರೊಮೋನ್ ಎನ್ನುತ್ತಾರೆ. ರಚನೆ ತಿಳಿದುಬಂದ ಮೊದಲ ಫೆರೊಮೋನ್ ಇದೇ. ಗಂಡು ಪತಂಗದ ಗರಿಮೀಸೆ ಅಷ್ಟು ಕವಲೊಡೆದಿರುವುದು ಗಾಳಿಯಲ್ಲಿರುವ ಇಂಥ ಅಣುಗಳನ್ನು ಸೋಸಿ ಹಿಡಿಯಲೆಂದೇ. ರೈತರು ಹೊಲದಲ್ಲಿ ನೇತುಹಾಕುವ ಮೋಹಕ ಬಲೆಗಳು, ಅಂದರೆ ಕೃತಕ ಫೆರೊಮೋನಿನಿಂದ ಗಂಡು ಕೀಟಗಳನ್ನು ಸೆಳೆಯುವ ಸಾಧನಗಳು, ಇದೇ ತಿಳಿವಳಿಕೆಯ ಫಲ.

ನಂದಿಬಟ್ಟಲಿನ ಕೆಳಗೆ

ಪತಂಗವನ್ನು ಹತ್ತಿರದಿಂದ ನೋಡಲು ಕಾಡಿಗೆ ಹೋಗಬೇಕಿಲ್ಲ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಯಂಗಳಗಳಲ್ಲಿ ಪೂಜೆಗೆಂದು ಬೆಳೆಸುವ ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪಗಳು ಮನುಷ್ಯರಿಗೂ ದನಕರುಗಳಿಗೂ ವಿಷವಾದರೂ ಡಾಫ್ನಿಸ್ ನೆರೈ ಎಂಬ ಪತಂಗದ ಮರಿಗಳಿಗೆ ಅವೇ ಆಹಾರ. ಈ ಪತಂಗ ಹಾಕ್‌ಮಾತ್ ಎಂಬ ಗಿಡುಗ ಪತಂಗಗಳ ಕುಟುಂಬಕ್ಕೆ ಸೇರಿದ್ದು; ದಪ್ಪ ಮೈ, ಚೂಪಾದ ಕಿರಿದಾದ ರೆಕ್ಕೆ, ವೇಗದ ಹಾರಾಟ, ಉದ್ದನೆಯ ಹೀರುಕೊಳವೆ ಈ ಕುಟುಂಬದ ಗುರುತು. ಎಲೆಯ ಬಣ್ಣವನ್ನೇ ಹೊದ್ದ ಮರಿಹುಳು ಕಣ್ಣಿಗೆ ಬೀಳುವ ಮೊದಲು ನೆಲದ ಮೇಲೆ ಕರಿಮೆಣಸಿನ ಕಾಳಿನಂತೆ ಉದುರಿದ ಹಿಕ್ಕೆ ಕಾಣುತ್ತದೆ. ಅದರ ನೇರಕ್ಕೆ ತಲೆಯೆತ್ತಿದರೆ, ಬೋಳಾದ ಕಡ್ಡಿಗೆ ತಲೆಕೆಳಗಾಗಿ ಅಂಟಿಕೊಂಡ, ಬೆರಳಿನಷ್ಟು ದಪ್ಪನೆಯ ಹಸಿರು ಹುಳು ಸಿಗುತ್ತದೆ. ಅದರ ಪಕ್ಕದಲ್ಲಿ ಬಿಳಿ ಚುಕ್ಕೆಗಳ ಸಾಲು, ಹಿಂತುದಿಯಲ್ಲಿ ಹಳದಿ ಕೊಂಬು. ಮುಟ್ಟಿದೊಡನೆ ಅದು ತಲೆಯನ್ನು ಒಳಗೆಳೆದುಕೊಂಡು ಎದೆಯ ಭಾಗವನ್ನು ಉಬ್ಬಿಸಿದಾಗ, ಮಡಿಕೆಯಲ್ಲಿ ಅಡಗಿದ್ದ ಎರಡು ನೀಲಿ ಕಣ್ಬೊಟ್ಟುಗಳು ಅರಳಿ ಹಕ್ಕಿಯನ್ನು ಬೆದರಿಸುತ್ತವೆ. ಬೆಳವಣಿಗೆ ಮುಗಿದಾಗ ಅದು ಹಸಿರನ್ನು ಕಳೆದುಕೊಂಡು ಕಂದಾಗಿ, ಗಿಡದಿಂದಿಳಿದು, ತರಗೆಲೆಯ ಕೆಳಗೆ ಕೋಶವಾಗುತ್ತದೆ. ಅಲ್ಲಿಂದ ಹೊರಬರುವ ಪತಂಗದ ರೆಕ್ಕೆಯಲ್ಲಿ ಕಡುಹಸಿರು, ಎಳೆಹಸಿರು, ನಸುಗೆಂಪುಗಳು ಅಮೃತಶಿಲೆಯ ನೆಳಲುಬಣ್ಣಗಳ ಹಾಗೆ ಬೆರೆತಿರುತ್ತವೆ. ಹುಳು ಕಂಡ ದಿನವೇ ಔಷಧ ಸಿಂಪಡಿಸುವ ಮನೆಯಲ್ಲಿ ಈ ಕೊನೆಯ ಅಂಕ ನಡೆಯುವುದಿಲ್ಲ. ಸುಮ್ಮನೆ ಬಿಟ್ಟರೆ ನಂದಿಬಟ್ಟಲು ಮತ್ತೆ ಚಿಗುರುತ್ತದೆ.

ಮನೆಯ ಒಳಗೂ ಒಂದು ಪತಂಗ ಸಂಸಾರ ಹೂಡಿರುತ್ತದೆ. ಬಚ್ಚಲುಮನೆಯ ಗೋಡೆ, ಬೀರುವಿನ ಹಿಂಬದಿ, ಸೂರಿನ ಮೂಲೆಗಳಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದದ, ಚಪ್ಪಟೆಯಾದ, ಎರಡೂ ತುದಿ ಚೂಪಾದ ಬೂದು ಚೀಲಗಳನ್ನು ಎಲ್ಲರೂ ಕಂಡಿರುತ್ತಾರೆ, ಅದು ಧೂಳೆಂದು ಗುಡಿಸಿರುತ್ತಾರೆ. ಫೆರಿಯೀಕಾ ಎಂಬ ಕುಲದ ಪತಂಗದ ಮರಿ ರೇಷ್ಮೆಯಂಥ ತನ್ನ ನೂಲಿಗೆ ಮರಳು, ಸುಣ್ಣದ ಪುಡಿ, ನೂಲಿನ ಚೂರುಗಳನ್ನು ಅಂಟಿಸಿ ಕಟ್ಟಿಕೊಂಡ ಮನೆ ಅದು. ಎರಡೂ ತುದಿಯಲ್ಲಿ ಬಾಗಿಲಿರುವುದರಿಂದ ಹುಳು ಒಳಗೇ ತಿರುಗಿ ಯಾವ ಕಡೆಯಿಂದ ಬೇಕಾದರೂ ತಲೆ ಹೊರಹಾಕಿ, ಚೀಲವನ್ನು ಎಳೆದುಕೊಂಡು ಗೋಡೆಯೇರುತ್ತದೆ. ಉಣ್ಣೆ ಸಿಕ್ಕರೆ ಬಿಡದಿದ್ದರೂ ಅದರ ನಿತ್ಯದ ಊಟ ಜೇಡರ ಹಳೆಯ ಬಲೆ, ಉದುರಿದ ಕೂದಲು, ಸತ್ತ ಕೀಟಗಳ ಚೂರು. ಅಂಗಳದ ನುಗ್ಗೆ ಮರದ ಕಾಂಡಕ್ಕೆ ಗುಂಪುಗುಂಪಾಗಿ ಮೆತ್ತಿಕೊಳ್ಳುವ ಕಂಬಳಿಹುಳುವೂ ಯುಪ್ಟೆರೋಟೆ ಕುಲದ ಪತಂಗದ ಮರಿಯೇ. ಮೈಗೆ ತಗುಲಿದರೆ ತುರಿಕೆ ಏಳಿಸುವ ಅದರ ರೋಮಗಳಿಗೆ ಮನುಷ್ಯರು ಹೆದರುತ್ತಾರಾದರೂ ಕೋಗಿಲೆಯ ಬಳಗದ ಚಾತಕದಂಥ ಹಕ್ಕಿಗಳಿಗೆ ಕಂಬಳಿಹುಳುಗಳೆಂದರೆ ಇಷ್ಟದ ತಿನಿಸು.

ಇರುಳು ಹೂಗಳ ಅತಿಥಿ

ಪತಂಗಗಳ ಹೆಚ್ಚಿನ ಉಪಕಾರ ಕಾಣುವುದು ಕತ್ತಲಾದ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ಹೂ ಸುರಿಸುವ ಆಕಾಶಮಲ್ಲಿಗೆ, ಮುಂಜಾನೆಗೆ ಮೊದಲೇ ಉದುರುವ ಪಾರಿಜಾತ, ಇರುಳೆಲ್ಲ ಗಮಗಮಿಸುವ ರಾತ್ರಿರಾಣಿ ಇವುಗಳನ್ನು ಒಟ್ಟಿಗೆ ಗಮನಿಸಿದರೆ ಮೂರು ಗುಣಗಳು ಸಮಾನವಾಗಿ ಕಾಣುತ್ತವೆ: ಕತ್ತಲಲ್ಲಿ ಎದ್ದು ತೋರುವ ತಿಳಿಬಣ್ಣ, ಸಂಜೆಯ ನಂತರ ಏರುವ ಪರಿಮಳ, ಮಕರಂದವನ್ನು ತಳದಲ್ಲಿಟ್ಟುಕೊಂಡ ಕೊಳವೆಯಾಕಾರ. ಮೂರೂ ಸೇರಿ ಪತಂಗಗಳಿಗೆ, ಅದರಲ್ಲೂ ಉದ್ದನೆಯ ಹೀರುಕೊಳವೆಯ ಗಿಡುಗ ಪತಂಗಗಳಿಗೆ, ಕೊಟ್ಟ ಆಹ್ವಾನವಾಗುತ್ತವೆ. ಹಿತ್ತಿಲಿನ ಪಪ್ಪಾಯಿಯಲ್ಲಿ ಗಂಡು ಹೂವಿನ ಪರಾಗವನ್ನು ಬೇರೆ ಮರದ ಹೆಣ್ಣು ಹೂವಿಗೆ ತಲುಪಿಸುವವರಲ್ಲಿಯೂ ಇವೇ ಪತಂಗಗಳು ಮುಖ್ಯ. ದೇವಕಣಗಿಲೆಯ ಹೂವಾದರೋ ಪರಿಮಳದಿಂದ ಕರೆದು ಮಕರಂದ ಕೊಡದೆ ಕಳಿಸುವ ವಂಚಕಿ. ಅತಿಥಿ ಬರಿಗೈಯಲ್ಲಿ ಹೂವಿನಿಂದ ಹೂವಿಗೆ ಅಲೆಯುವಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ.

ಹೂವಿಗೂ ಪತಂಗಕ್ಕೂ ಇರುವ ಈ ಹೊಂದಾಣಿಕೆಯ ಪ್ರಸಿದ್ಧ ಸಾಕ್ಷ್ಯ ಮಡಗಾಸ್ಕರಿನದು. ಅಲ್ಲಿನ ಸೀತಾಳೆ ಹೂವೊಂದರ ಮಕರಂದದ ಕೊಳವೆ ಒಂದಡಿಯ ಹತ್ತಿರದಷ್ಟು ಉದ್ದವಿರುವುದನ್ನು ಕಂಡ ಚಾರ್ಲ್ಸ್ ಡಾರ್ವಿನ್, ಅಷ್ಟೇ ಉದ್ದದ ನಾಲಿಗೆಯ ಪತಂಗ ಅಲ್ಲಿರಲೇಬೇಕೆಂದು 1862ರಲ್ಲಿ ಬರೆದರು. ಅಂಥ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1903ರಲ್ಲಿ, ಡಾರ್ವಿನ್ ತೀರಿಹೋಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಪತಂಗ ಬಣ್ಣಗೆಟ್ಟ ಲೋಕದಲ್ಲಿ ಬದುಕುತ್ತದೆಂಬ ಊಹೆಯೂ ಈಗ ಉಳಿದಿಲ್ಲ: ಯುರೋಪಿನ ಗಿಡುಗ ಪತಂಗವೊಂದು ಬರೀ ನಕ್ಷತ್ರಗಳ ಬೆಳಕಿನಲ್ಲೂ ಹೂವಿನ ಬಣ್ಣಗಳನ್ನು ಬೇರ್ಪಡಿಸಿ ನೋಡಬಲ್ಲದೆಂದು 2002ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು, ಅಷ್ಟು ಮಂದ ಬೆಳಕಿನಲ್ಲಿ ಮನುಷ್ಯರಿಗೆ ಕಾಣುವುದು ಕಪ್ಪು ಬಿಳುಪು ಮಾತ್ರ.

ಇರುಳಿಗೆ ಅದರದೇ ಅಪಾಯವೂ ಇದೆ. ಬಾವಲಿ ಮನುಷ್ಯರ ಕಿವಿಗೆ ಕೇಳದ ಧ್ವನಿಯನ್ನು ಹೊರಡಿಸಿ, ಅದರ ಮರುದನಿಯಿಂದ ಬೇಟೆಯ ಜಾಗ ತಿಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಅನೇಕ ಪತಂಗ ಕುಟುಂಬಗಳಲ್ಲಿ ಆ ಧ್ವನಿಯನ್ನು ಹಿಡಿಯುವ ಕಿವಿಗಳು ಎದೆಯ ಮೇಲೋ ಹೊಟ್ಟೆಯ ಮೇಲೋ ಬೆಳೆದಿವೆ. ಹುಲಿ ಪತಂಗಗಳೆಂಬ ಗುಂಪಿನ ಕೆಲವು ಸದಸ್ಯರು ತಾವೇ ಟಿಕ್‌ಟಿಕ್ ಸದ್ದು ಹೊರಡಿಸಿ ತಮ್ಮ ಮೈ ಕಹಿಯೆಂದು ಎಚ್ಚರಿಸುತ್ತವೆ, ಇನ್ನು ಕೆಲವು ಬಾವಲಿಯ ಮರುದನಿಯನ್ನೇ ಕಲಸಿಬಿಡುತ್ತವೆ. ದಕ್ಷಿಣ ಭಾರತದ ಕಾಡುಗಳಲ್ಲೂ ಇರುವ ಚಂದ್ರ ಪತಂಗದ ಹಿಂರೆಕ್ಕೆಗಳಿಂದ ಇಳಿಬಿದ್ದ ಉದ್ದನೆಯ ಬಾಲಗಳು ಬರಿಯ ಅಲಂಕಾರವಲ್ಲ. ಅದರ ಅಮೆರಿಕದ ಸೋದರಿಯ ಮೇಲೆ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾವಲಿಗಳ ಅರ್ಧಕ್ಕಿಂತ ಹೆಚ್ಚು ದಾಳಿಗಳು, ಹಾರುವಾಗ ಸುತ್ತುವ ಆ ಬಾಲಗಳ ಕಡೆಗೇ ತಿರುಗಿದ್ದವು.

ಕಾರವಾರದಿಂದ ಬಿಳಿ ಪರದೆಯವರೆಗೆ

ಭಾರತದ ಪತಂಗಗಳ ಶಾಸ್ತ್ರೀಯ ಅಧ್ಯಯನದಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ. ನೀಲಗಿರಿಯಲ್ಲಿ ಚಹಾ ತೋಟಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರ ನಡುವೆ ಬ್ರಿಟಿಷ್ ಭಾರತದ ಪ್ರಾಣಿವರ್ಗ ಮಾಲೆಯಲ್ಲಿ ಪತಂಗಗಳ ನಾಲ್ಕು ಸಂಪುಟಗಳನ್ನು ಹೊರತಂದ. ಅದೇ ಮಾಲೆಯಲ್ಲಿ ಗಿಡುಗ ಪತಂಗಗಳ ಕುರಿತ ಐದನೆಯ ಸಂಪುಟ 1937ರಲ್ಲಿ ಬಂದಾಗ ಅದರ ಇಬ್ಬರು ಲೇಖಕರಲ್ಲಿ ಒಬ್ಬನಾದ ಟಿ.ಆರ್. ಬೆಲ್, ಉತ್ತರ ಕನ್ನಡದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿ ದುಡಿದು, ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ತೀರಿಕೊಂಡವನು. ಸತ್ತ ಪತಂಗಕ್ಕೆ ಸೂಜಿ ಚುಚ್ಚಿ ಹೆಸರಿಡುವುದರಲ್ಲಿ ತೃಪ್ತನಾಗದ ಬೆಲ್, ಮೊಟ್ಟೆ ಮತ್ತು ಮರಿಹುಳುಗಳನ್ನು ಮನೆಗೆ ತಂದು ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಹೇಗೆ ಬಣ್ಣ ಬದಲಿಸುತ್ತದೆ, ಎಲ್ಲಿ ಕೋಶವಾಗುತ್ತದೆ ಎಂದು ಬರೆದಿಟ್ಟ. ಪತಂಗವೆಂದರೆ ಗಿಡದ ಜೊತೆ ಹೆಣೆದುಕೊಂಡ ಒಂದು ಜೀವನಚರಿತ್ರೆ ಎಂಬ ಅವನ ನೋಟವೇ ಇಂದಿಗೂ ತೋಟಗಳಲ್ಲಿ ಪತಂಗ ಹುಡುಕುವವರಿಗೆ ದಾರಿ ತೋರಿಸುತ್ತದೆ.

ಇಂದು ಈ ಕೆಲಸ ಹವ್ಯಾಸಿಗಳ ಕೈಗೂ ಬಂದಿದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ನಂಟಿನಿಂದ ಬೆಳೆದಿರುವ ಮಾತ್ಸ್ ಆಫ್ ಇಂಡಿಯಾ ಜಾಲತಾಣ ದೇಶದಾದ್ಯಂತದ ಛಾಯಾಚಿತ್ರಗಳನ್ನು ಪ್ರಭೇದವಾರು ಜೋಡಿಸುತ್ತಿದೆ, ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಪತಂಗ ಸಪ್ತಾಹ ಜುಲೈ ಕೊನೆಯ ವಾರದಲ್ಲಿ ಇಲ್ಲಿಯೂ ನಡೆಯುತ್ತದೆ. ಸಾಧನ ಸರಳ: ಎರಡು ಕಂಬಗಳ ನಡುವೆ ಕಟ್ಟಿದ ಬಿಳಿ ಬಟ್ಟೆ, ಅದರ ಮುಂದೆ ಒಂದು ದೀಪ. ಮುಂಗಾರಿನ ತೇವವಿರುವ, ಬೆಳದಿಂಗಳಿಲ್ಲದ, ಗಾಳಿ ನಿಂತ ರಾತ್ರಿ ಇದಕ್ಕೆ ಹೇಳಿ ಮಾಡಿಸಿದ್ದು. ಬನಶಂಕರಿ ಆರನೇ ಹಂತದಾಚೆಯ ತುರಹಳ್ಳಿ ಕಾಡು, ಜೆ.ಪಿ. ನಗರದ ಬದಿಯ ದೊರೆಸಾನಿಪಾಳ್ಯದ ಅರಣ್ಯ ಪ್ರದೇಶದಂಥ ಹಸಿರು ತುಣುಕುಗಳು ನಗರದ ಈ ಭಾಗಕ್ಕೆ ಇನ್ನೂ ಉಳಿದಿರುವುದರಿಂದ, ಅವುಗಳ ನೆರೆಯ ಮನೆಯ ತಾರಸಿಯಲ್ಲಿ ಬಟ್ಟೆ ಕಟ್ಟಿದರೂ ಸಾಕಷ್ಟು ಅತಿಥಿಗಳು ಬರುತ್ತಾರೆ.

ಕೇಡು ಮತ್ತು ಕತ್ತಲು

ಪತಂಗವನ್ನು ಮೆಚ್ಚುವುದೆಂದರೆ ಅದರ ಕೇಡನ್ನು ಮರೆಮಾಚುವುದಲ್ಲ. ತೊಗರಿಯ ಕಾಯಿಕೊರಕ, ಕಬ್ಬಿನ ಕಾಂಡಕೊರಕಗಳು ಪತಂಗದ ಮರಿಗಳೇ. ಅಮೆರಿಕ ಮೂಲದ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ಆದರೆ ಒಂದೂವರೆ ಲಕ್ಷ ಪ್ರಭೇದಗಳಲ್ಲಿ ಬೆಳೆಗೆ ಮುತ್ತುವವು ಸಣ್ಣ ಪಾಲು, ಅವುಗಳಿಗೆ ಮದ್ದೂ ಕೆಲವೊಮ್ಮೆ ಪತಂಗದಿಂದಲೇ ಬರುತ್ತದೆ. ಡಬ್ಬಿಯಲ್ಲಿಟ್ಟ ರವೆಯನ್ನು ಬಲೆಕಟ್ಟಿ ಉಂಡೆಮಾಡುವ ಅಕ್ಕಿ ಪತಂಗವನ್ನು ಜೈವಿಕ ಕೀಟ ನಿಯಂತ್ರಣದ ಪ್ರಯೋಗಾಲಯಗಳು ಬೇಕೆಂದೇ ಸಾಕುತ್ತವೆ. ಅದರ ಮೊಟ್ಟೆಗಳೊಳಗೆ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜ ಬೆಳೆಯುತ್ತದೆ. ಆ ಮೊಟ್ಟೆಗಳನ್ನು ಕಾಗದದ ಪಟ್ಟಿಗೆ ಅಂಟಿಸಿ ಹೊಲದಲ್ಲಿ ಕಟ್ಟಿದರೆ ಹೊರಬಂದ ಕಣಜಗಳು ಕೊರಕ ಹುಳುಗಳ ಮೊಟ್ಟೆಗಳನ್ನು ಹುಡುಕಿ ನಾಶ ಮಾಡುತ್ತವೆ.

ಪತಂಗ ದೀಪಕ್ಕೆ ಬೀಳುವುದನ್ನು ಮೋಹವೆಂದು ವರ್ಣಿಸುವುದು ಕಾವ್ಯದ ಹಳೆಯ ರೂಢಿ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಸೆರೆಹಿಡಿದು ಬೇರೆಯೇ ಕಾರಣವನ್ನು ಮುಂದಿಟ್ಟಿತು. ಇರುಳಿನಲ್ಲೂ ನೆಲಕ್ಕಿಂತ ಆಕಾಶವೇ ಬೆಳ್ಳಗಿರುವುದರಿಂದ, ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ತಿರುಗಿಸಿ ಮೇಲು ಕೆಳಗಿನ ಸಮತೋಲ ಕಾಯ್ದುಕೊಳ್ಳುತ್ತದೆ. ಹತ್ತಿರದಲ್ಲಿ ದೀಪವಿದ್ದರೆ ಅದಕ್ಕೇ ಬೆನ್ನು ತಿರುಗಿಸಲು ಹೋಗಿ ಸುತ್ತುತ್ತಲೇ ಉಳಿಯುತ್ತದೆ, ದೀಪದ ಮೇಲೆ ಹಾದರೆ ಅಂಗಾತವಾಗಿ ಬೀಳುತ್ತದೆ. ಪ್ರಯೋಗಾಲಯದಲ್ಲಿ ಈ ಬಲೆಗೆ ಬೀಳದೆ ದೀಪದ ಮೇಲೆ ಹಾರಿಹೋದ ಅಪವಾದಗಳಲ್ಲಿ ನಂದಿಬಟ್ಟಲಿನ ಮೇಲೆ ಬೆಳೆಯುವ ಡಾಫ್ನಿಸ್ ನೆರೈ ಒಂದು. ಉಳಿದವು ದೀಪ ಆರುವವರೆಗೂ ಅಲ್ಲೇ ಸಿಕ್ಕಿಬಿದ್ದು, ಹೂವಿಗೂ ಸಂಗಾತಿಗೂ ಸಲ್ಲಬೇಕಾದ ಇರುಳನ್ನು ಕಳೆದುಕೊಳ್ಳುತ್ತವೆ. ನೀಲಿಯಂಶ ಹೆಚ್ಚಿರುವ ಬಿಳಿ ಎಲ್‌ಇಡಿಗಳು ಹಳದಿ ದೀಪಗಳಿಗಿಂತ ಹೆಚ್ಚು ಕೀಟಗಳನ್ನು ಎಳೆಯುತ್ತವೆ.

ಚಿಟ್ಟೆಗಾಗಿ ಹೂಗಿಡ ನೆಟ್ಟ ಬಡಾವಣೆಗಳು ಪತಂಗಕ್ಕಾಗಿ ಮಾಡಬೇಕಾದದ್ದು ಹೆಚ್ಚೇನಿಲ್ಲ, ಬಹುಪಾಲು ಕೆಲವನ್ನು ಮಾಡದೆ ಬಿಡುವುದೇ ಆಗಿದೆ. ಉದ್ಯಾನದ ತರಗೆಲೆಯನ್ನು ಸುಡದೆ ಗಿಡಗಳ ಬುಡದಲ್ಲೇ ಕೊಳೆಯಲು ಬಿಟ್ಟರೆ ಅದರೊಳಗಿನ ಕೋಶಗಳು ಉಳಿಯುತ್ತವೆ. ಒಂದಿಷ್ಟು ಎಲೆ ತಿಂದ ಹುಳುವಿಗೆ ವಿಷ ಹೊಡೆಯದಿದ್ದರೆ ಹಕ್ಕಿಗಳಿಗೆ ಮರಿ ಸಾಕುವ ಕಾಲದಲ್ಲಿ ಆಹಾರ ಸಿಗುತ್ತದೆ. ಅಪಾರ್ಟ್‌ಮೆಂಟಿನ ಕಾಂಪೌಂಡ್ ಮತ್ತು ತೋಟದ ಅಲಂಕಾರದ ದೀಪಗಳನ್ನು ಹಳದಿ ಬೆಳಕಿಗೆ ಬದಲಿಸಿ, ನೆಲಕ್ಕೆ ಮುಖಮಾಡಿ, ರಾತ್ರಿ ಹತ್ತರ ನಂತರ ಆರಿಸಿದರೆ ಇರುಳು ಇರುಳಾಗಿ ಉಳಿಯುತ್ತದೆ. ಇವಕ್ಕೆ ಸರ್ಕಾರದ ಯೋಜನೆಯೂ ಬೇಡ, ಅನುದಾನವೂ ಬೇಡ. ನಿವಾಸಿಗಳ ಸಂಘದ ಒಂದು ಸಭೆಯ ತೀರ್ಮಾನ ಸಾಕು, ವಿದ್ಯುತ್ ಬಿಲ್ಲಿನಲ್ಲಿ ಉಳಿಯುವ ಹಣ ಸಂಘಕ್ಕೇ ಲಾಭ.